ಅರಮನೆ ಪರದೆಯ ನೆರಳಲ್ಲಿ ಐದು ಲೀಟರ್ ಡೀಸೆಲ್

ನಮ್ಮ ಮನೆಯಲ್ಲಿ ನನ್ನ ಮೇಲೊಂದು ಹಳೆಯ ದೂರಿದೆ. ಸಾರಿನ ಪಾತ್ರೆಗೆ ಸೌಟು ಇಳಿಸಿದವನು ನೇರವಾಗಿ ಬಡಿಸಿಕೊಳ್ಳುವುದಿಲ್ಲವಂತೆ. ಒಂದು ಸಲ ಇಳಿಸಿ ತೆಗೆದು, ಪಾತ್ರೆಯ ಅಂಚಿಗೆ ಒರೆಸಿ, ಮತ್ತೆ ತಳ ಮುಟ್ಟುವ ಹಾಗೆ ನೆಟ್ಟಗೆ ಇಳಿಸಿ, ಮೇಲೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನಂತೆ. "ಇವ್ರು ಸಾರು ಹಾಕ್ಕೊಳ್ಳಲ್ಲ ಕಣ್ರಿ, ಸಾರಿನ ಲೆವೆಲ್ ಚೆಕ್ ಮಾಡ್ತಾರೆ" ಎಂದು ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನು ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಂಧಿ ಸಮಾಸ ಬಿಟ್ಟು ಬೇರೇನನ್ನೂ ಬಿಚ್ಚಿ ಜೋಡಿಸಿದವನಲ್ಲ. ಆದರೂ ಈ ಅಭ್ಯಾಸ ನನಗೆ ಅಂಟಿದ್ದು ಒಂದು ಡೀಸೆಲ್ ಪಿಕಪ್ಪಿನಿಂದ. ಇಂಜಿನ್ನಿನೊಳಗಿನ ಆಯಿಲ್ ಕಡ್ಡಿಯನ್ನು ಮೊದಲ ಸಲ ಎಳೆದಾಗ ಅದು ಹೇಳುವುದನ್ನು ನಂಬಬಾರದು. ಗಾಡಿ ಓಡುವಾಗ ಆಯಿಲ್ ಎಲ್ಲೆಲ್ಲಿಗೋ ಸಿಡಿದು ಕಡ್ಡಿಯ ಮೈಗೆಲ್ಲ ಹತ್ತಿರುತ್ತದೆ. ಒರೆಸಿ, ಮತ್ತೆ ಇಳಿಸಿ, ಆಗ ನೋಡಬೇಕು. ಹೀಗೆಂದು ನನಗೆ ಕಲಿಸಿದವರು ಹಾಲೇಶಪ್ಪ ಮಾವ.

ಹಾಲೇಶಪ್ಪ ನನ್ನ ಅವ್ವನ ತಮ್ಮ. ಹೊನ್ನಾಳಿಯಲ್ಲಿ ಅವರದು ಡ್ರಾಮಾ ಸೀನರಿ ಬಾಡಿಗೆಗೆ ಕೊಡುವ ಕಸುಬು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಸಾಕು, ಊರಿನವರೇ ಪಾರ್ಟು ಹಂಚಿಕೊಂಡು ನಾಟಕ ಕಲಿಯುತ್ತಾರೆ. ಗಂಡು ಪಾರ್ಟಿಗೆ ಊರಲ್ಲಿ ಬೇಕಾದಷ್ಟು ಜನ. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸಬೇಕು, ಪರದೆ, ಲೈಟು, ಕಿರೀಟ, ಕತ್ತಿಗಳನ್ನು ಮಾವನಂಥವರಿಂದ ತರಿಸಬೇಕು. ಮಾವನ ಷೆಡ್ಡಿನಲ್ಲಿ ಕಾಡು, ಅರಮನೆ, ಪೇಟೆ ಬೀದಿ, ಜೈಲು, ಬಡವನ ಮನೆ ಎಲ್ಲವೂ ಬಿದಿರಿನ ಗಳಕ್ಕೆ ಸುತ್ತಿಕೊಂಡು ಸಾಲಾಗಿ ಮಲಗಿರುತ್ತಿದ್ದವು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋದಾಗ ನಾನು ಮಲಗುತ್ತಿದ್ದುದು ಕಾಡಿನ ಮೇಲೆ. ಕಾಡಿನ ಬಣ್ಣಕ್ಕೆ ಹಾಕಿದ ಅಂಟಿನಿಂದ ಒಂದು ಬಗೆಯ ಹುಳಿ ವಾಸನೆ ಬರುತ್ತಿತ್ತು, ಅದರ ಜೊತೆಗೆ ಪಕ್ಕದಲ್ಲೇ ನಿಂತ ಪಿಕಪ್ಪಿನ ಡೀಸೆಲ್ ವಾಸನೆ. ಆ ಎರಡೂ ಸೇರಿದರೆ ನನಗೆ ಈಗಲೂ ಕಣ್ಣು ತಾನಾಗಿ ಮುಚ್ಚುತ್ತದೆ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತು ತೂಕಡಿಸುವ ಮೇಷ್ಟ್ರು ಚನ್ನಗಿರಿಯಲ್ಲಿ ನಾನೊಬ್ಬನೇ ಇರಬೇಕು.

ಬೆಳಿಗ್ಗೆ ಎದ್ದರೆ ಮೊದಲು ಕಾಣುತ್ತಿದ್ದುದು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ ಮಾವನ ಬೆನ್ನು. ಅವರು ಕಿಲೋಮೀಟರ್ ಲೆಕ್ಕದಲ್ಲಿ ಆಯಿಲ್ ಬದಲಿಸುತ್ತಿರಲಿಲ್ಲ, ನಾಟಕದ ಲೆಕ್ಕದಲ್ಲಿ ಬದಲಿಸುತ್ತಿದ್ದರು. ಇಷ್ಟು ನಾಟಕಕ್ಕೆ ಒಂದು ಸಲ ಎಂದು ಅವರದೇ ಒಂದು ಅಂದಾಜು. ಆ ದಿನ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಅಡಿಯಲ್ಲಿ ಅಗಲದ ಬೋಗುಣಿ ಇಟ್ಟು, ತಳದ ನಟ್ಟು ಬಿಚ್ಚುತ್ತಿದ್ದರು. ಕಪ್ಪು ಆಯಿಲ್ ಒಂದೇ ಧಾರೆಯಾಗಿ, ಸದ್ದಿಲ್ಲದೆ, ಬಹಳ ನಿಧಾನಕ್ಕೆ ಇಳಿಯುತ್ತಿತ್ತು. ಕೊನೆಕೊನೆಗೆ ಧಾರೆ ದಾರವಾಗಿ, ದಾರ ಹನಿಯಾಗಿ, ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ನಾನು ಮನಸ್ಸಿನಲ್ಲೇ ಊರೆಲ್ಲ ಸುತ್ತಿ ಬರುವಷ್ಟು ಹೊತ್ತಾಗುತ್ತಿತ್ತು. ಮಾವ ಕೊನೆಯ ಹನಿಯವರೆಗೂ ಕಾಯುತ್ತಿದ್ದರು. ಅವರಿಗೆ ಯಾವುದಕ್ಕೂ ಅವಸರವಿರಲಿಲ್ಲ. ಹಳೆಯ ಆಯಿಲನ್ನು ಚೆಲ್ಲದೆ ಡಬ್ಬಕ್ಕೆ ತುಂಬಿಟ್ಟು, ಗೆದ್ದಲು ಹತ್ತದಿರಲೆಂದು ರಂಗದ ಕಂಬಗಳಿಗೆ ಬಳಿಯುತ್ತಿದ್ದರು. ಹೊಸದನ್ನು ಹಾಕಿದ ಮರುದಿನವೇ ಕಡ್ಡಿಯಲ್ಲಿ ಕಪ್ಪು ಕಂಡು ನಾನೊಮ್ಮೆ ಗಾಬರಿಯಾಗಿದ್ದೆ.

"ಕ... ಕಪ್ಪಾದ್ರೆ ಕೆ... ಕೆಟ್ಟೈತೆ ಅಂತಲ್ಲ ಅಳಿಯ" ಎಂದರು ಮಾವ. "ಇಂಜಿನ್ ಕೊಳೇನೆಲ್ಲ ತಾನು ಹಿ... ಹಿ..."

"ಹಿಡ್ಕಂಡೈತೆ" ಎಂದೆ ನಾನು.

ಮಾವ ಕಡ್ಡಿಯನ್ನು ಒರೆಸಿ ಒಳಗಿಟ್ಟರು.

ಹೌದು, ಮಾವನಿಗೆ ಮಾತು ತೊದಲುತ್ತಿತ್ತು. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ, ಗದ್ದ ಎತ್ತಿ, ಅದು ಸಡಿಲವಾಗುವ ತನಕ ಅವರು ಕಾಯಬೇಕು. ಎದುರಿಗಿದ್ದವರು ಕಾಯುತ್ತಿರಲಿಲ್ಲ. ಮನೆಯವರೆಲ್ಲ ಅವರ ಮಾತನ್ನು ತಾವೇ ಮುಗಿಸುತ್ತಿದ್ದೆವು, ಅದೊಂದು ಉಪಕಾರವೆಂದೇ ತಿಳಿದಿದ್ದೆವು. ಅದರಲ್ಲಿ ನಾನು ಎಲ್ಲರಿಗಿಂತ ಚುರುಕು. ಅವರು "ಡೀ" ಎನ್ನುವಷ್ಟರಲ್ಲಿ ಡೀಸೆಲ್ ಕ್ಯಾನು ಹಿಡಿದು ನಿಂತಿರುತ್ತಿದ್ದೆ. ಒಮ್ಮೆ ಅವರು ಆಯಿಲ್ ಕಡ್ಡಿ ಕೈಯಲ್ಲಿ ಹಿಡಿದು "ಬ... ಬ..." ಎಂದಾಗ ಓಡಿಹೋಗಿ ಬಕೆಟ್ ತಂದೆ. ಅವರಿಗೆ ಬೇಕಿದ್ದದ್ದು ಒರೆಸುವ ಬಟ್ಟೆ. ಮಾವ ಬಕೆಟ್ಟನ್ನೊಮ್ಮೆ ನೋಡಿ, ತಮ್ಮ ಅಂಗಿಯ ತುದಿಗೇ ಕಡ್ಡಿಯನ್ನು ಒರೆಸಿಕೊಂಡರು. ಹಾಗೆ ಕಲೆಯಾದ ಅಂಗಿಗಳು ಅವರ ಹತ್ತಿರ ಎಷ್ಟಿದ್ದವೋ. ಎರಡು ಕಡೆ ಹೆಣ್ಣು ನೋಡಲು ಹೋದಾಗ ಅವರ ಮಾತನ್ನೆಲ್ಲ ನಮ್ಮ ಅಜ್ಜನೇ ಆಡಿ ಮುಗಿಸಿದ್ದರಂತೆ. ಮೂರನೆಯ ಕಡೆ ಮಾವ ಹೋಗಲಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ ಮಾವನ ಜೊತೆ ನಾಟಕಗಳಿಗೆ ಹೋಗತೊಡಗಿದೆ. ನನ್ನ ಕೆಲಸ ಪ್ರಾಂಪ್ಟರ್‌ನದು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ಕೂತು, ಪಾತ್ರಧಾರಿ ಮಾತು ಮರೆತರೆ ಮುಂದಿನದನ್ನು ಮೆಲ್ಲಗೆ ಎತ್ತಿಕೊಡುವುದು. ಹಳ್ಳಿ ನಾಟಕದಲ್ಲಿ ಪ್ರಾಂಪ್ಟರ್ ಇಲ್ಲದಿದ್ದರೆ ರಾಜನೂ ಇಲ್ಲ, ಕಳ್ಳನೂ ಇಲ್ಲ. ಇನ್ನೊಬ್ಬರ ಬಾಯಿಗೆ ಮಾತು ಇಡುವ ಕೆಲಸ ನನಗೆ ಚಿಕ್ಕಂದಿನಿಂದ ರೂಢಿಯಾದದ್ದೇ ಎಂಬುದು ಆಗ ಹೊಳೆದಿರಲಿಲ್ಲ. ನನ್ನ ಧ್ವನಿ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದ್ದರು, ಐದನೆಯವನಾಗಿ ನಾನೂ ಒಪ್ಪಿಕೊಂಡಿದ್ದೆ.

ಆ ಸಲ ನಾಟಕವಿದ್ದದ್ದು ಜಗಳೂರಿನಿಂದ ಆಚೆಗೆ ಒಂದು ಹಳ್ಳಿಯಲ್ಲಿ. ಮಕ್ಕಳ ಪರೀಕ್ಷೆ ಹತ್ತಿರವಿದ್ದುದರಿಂದ ಸಂಜೆ ಆರಕ್ಕೇ ಶುರು ಮಾಡಿ ಬೇಗ ಮುಗಿಸಬೇಕೆಂದು ಊರಿನವರು ತೀರ್ಮಾನಿಸಿದ್ದರು. ಬೆಳಿಗ್ಗೆ ಮಾವ ಮತ್ತು ನಾನು ಹೊನ್ನಾಳಿಯಿಂದ ಮೊದಲು ಹೋದದ್ದು ಜಗಳೂರಿಗೆ ತೀರಾ ವಿರುದ್ಧ ದಿಕ್ಕಿಗೆ. ನ್ಯಾಮತಿ ದಾಟಿ ಸವಳಂಗದಲ್ಲಿ ಗಿರಿಜಕ್ಕನನ್ನು ಹತ್ತಿಸಿಕೊಳ್ಳಬೇಕಿತ್ತು. ಗಿರಿಜಕ್ಕ ನಾಟಕದ ಕಲಾವಿದೆ. ತಾಯಿ ಪಾರ್ಟು, ರಾಣಿ ಪಾರ್ಟು ಎರಡಕ್ಕೂ ನಮ್ಮ ಕಡೆ ಅವರದೇ ಹೆಸರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಜೊತೆಗಿದ್ದ ತಾಯಿಯೂ ಹೋದ ಮೇಲೆ ಸವಳಂಗದ ಮನೆಯಲ್ಲಿ ಒಬ್ಬರೇ ಇದ್ದರು.

ಸವಳಂಗದಿಂದ ಬಸ್ಸಿಗೆ ಬರ್ತೀನಿ ಎಂದು ಅವರು ಪ್ರತಿ ಸಲ ಹೇಳುತ್ತಿದ್ದರು. ಮಾವ ಪ್ರತಿ ಸಲ ಪಿಕಪ್ಪನ್ನೇ ಒಯ್ಯುತ್ತಿದ್ದರು. ಅದಕ್ಕೆ ಏನಾದರೂ ಅರ್ಥವಿದೆಯೇ ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ಇಷ್ಟು ಮಾತ್ರ ನೆನಪಿದೆ. ಆ ಪಿಕಪ್ಪಿನ ಡೀಸೆಲ್ ಮುಳ್ಳು ಕೆಟ್ಟು ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು, ಹಾಗಾಗಿ ಮಾವ ಹೊರಡುವ ಮೊದಲು ಗೆರೆ ಕೊರೆದ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ ಅಳೆದೇ ಹತ್ತುತ್ತಿದ್ದರು. ಅವತ್ತು ಬೆಳಿಗ್ಗೆ ಅವರು ಪಕ್ಕದ ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಎರಡು ಸಲ ಬಾಚಿಕೊಂಡರು. ಟ್ಯಾಂಕಿನ ಮುಚ್ಚಳ ತೆರೆಯಲಿಲ್ಲ.

ಗಿರಿಜಕ್ಕ ಮುಂದೆ ಕೂತರು, ನಾನು ಹಿಂದೆ ಪರದೆಗಳ ಮೇಲೆ ಉದ್ದಕ್ಕೆ ಮಲಗಿದೆ. ಅಂಥ ಪಯಣ ಈ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ. ಬೆನ್ನ ಕೆಳಗೆ ಸುತ್ತಿಟ್ಟ ಕಾಡು, ತಲೆಗೆ ದಿಂಬಾಗಿ ಬಡವನ ಮನೆ, ಕಣ್ಣ ಮುಂದೆ ಬರೀ ಆಕಾಶ. ಹೊನ್ನಾಳಿ ಬಂದದ್ದು ಗಾಳಿಯಲ್ಲಿ ಹೊಳೆಯ ತಂಪು ಮುಟ್ಟಿದಾಗ ತಿಳಿಯಿತು, ದಾವಣಗೆರೆ ಬಂದದ್ದು ಹಾರ್ನುಗಳ ಗದ್ದಲದಿಂದ, ಜಗಳೂರಿನ ಸೀಮೆ ಬಂದದ್ದು ಎಲ್ಲ ಸದ್ದೂ ನಿಂತುಹೋದದ್ದರಿಂದ. ಒಂದು ಹದ್ದು ನಮ್ಮ ಜೊತೆಗೇ ಬರುತ್ತಿದೆಯೋ, ಬೇರೆ ಬೇರೆ ಹದ್ದುಗಳು ಬದಲಾಗುತ್ತಿವೆಯೋ ಎಂದು ಯೋಚಿಸುತ್ತ ನಿದ್ದೆ ಹೋದೆ. ಎಚ್ಚರವಾದಾಗ ಹದ್ದು ಅಲ್ಲೇ ಇತ್ತು, ಅಲುಗಾಡದೆ. ಅಲುಗಾಡದೆ ಇದ್ದದ್ದು ನಾವು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಪಿಕಪ್ಪು ರಸ್ತೆಯ ಪಕ್ಕಕ್ಕೆ ನಿಂತಿತ್ತು. ಎರಡೂ ಕಡೆ ಬಯಲು, ಒಂದೇ ಒಂದು ಜಾಲಿ ಮರ. ಮಾವ ಟ್ಯಾಂಕಿನೊಳಕ್ಕೆ ಕಡ್ಡಿ ಇಳಿಸಿ ತೆಗೆದರು. ಕಡ್ಡಿ ಒಣಗಿತ್ತು. ಒರೆಸಿ ಮತ್ತೆ ಇಳಿಸಿದರು. ಅದು ಈ ಸಲವೂ ನಿಜವನ್ನೇ ಹೇಳಿತು.

"ಡೀ..." ಎಂದರು ಮಾವ.

"ಡೀಸೆಲ್ ಖಾಲಿ" ಎಂದೆ ನಾನು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾವನ ಗಾಡಿ ದಾರಿಯಲ್ಲಿ ನಿಂತಿರಲಿಲ್ಲ. ಅದು ಅವರ ದೊಡ್ಡ ಹೆಮ್ಮೆ. ಮುಖ ಸಣ್ಣಗಾಗಿ, ಬಾನೆಟ್ ಎತ್ತಿ, ಏನೂ ಆಗಬೇಕಿಲ್ಲದಿದ್ದರೂ ಇಂಜಿನ್ ಆಯಿಲ್ ನೋಡತೊಡಗಿದರು. ಗಿರಿಜಕ್ಕ ಇಳಿದು ಹೋಗಿ ಒರೆಸುವ ಬಟ್ಟೆಯನ್ನು ಚಾಚಿ ಹಿಡಿದು ನಿಂತರು. ಮಾವ ಬಟ್ಟೆ ಕೇಳಿರಲಿಲ್ಲ.

"ಆಯಿಲ್ ಸರಿ ಐತಲ್ಲ, ಅಷ್ಟು ಸಾಕು ಬಿಡ್ರಿ ಹಾಲೇಶಪ್ಪಾರೆ. ಡೀಸೆಲ್ಲು ಎಲ್ಲಾದ್ರೂ ಸಿಗ್ತೈತೆ" ಎಂದರು ಅವರು.

ಬಿಸಿಲು ನೆತ್ತಿಯ ಮೇಲಿತ್ತು. ಜಾಲಿ ಮರದ ನೆರಳು ಒಂದು ಕುರಿಗೂ ಸಾಲದಷ್ಟಿತ್ತು. ಗಿರಿಜಕ್ಕ ಹಿಂದೆ ನೋಡಿ, "ಮಂಜು, ದರ್ಬಾರ್ ಪರದೆ ಬಿಚ್ಚು" ಎಂದರು. ನಾವು ಅರಮನೆಯನ್ನು ಬಿಚ್ಚಿ ಒಂದು ತುದಿಯನ್ನು ಪಿಕಪ್ಪಿನ ಕಂಬಿಗೆ, ಇನ್ನೊಂದನ್ನು ಜಾಲಿ ಮರಕ್ಕೆ ಕಟ್ಟಿದೆವು. ಗಾಳಿ ಬಂದಾಗ ಅಮೃತಶಿಲೆಯ ಕಂಬಗಳು ಉಬ್ಬಿ ಇಳಿಯುತ್ತಿದ್ದವು. ಆ ಬಯಲಿನಲ್ಲಿ, ಉಸಿರಾಡುವ ಅರಮನೆಯ ಕೆಳಗೆ, ನಾವು ಮೂವರು ಮಂಡಕ್ಕಿ ತಿನ್ನುತ್ತ ಕೂತೆವು. ರಸ್ತೆಯಲ್ಲಿ ಹೋಗುತ್ತಿದ್ದ ಕುರಿಗಳೆಲ್ಲ ಒಮ್ಮೆ ನಿಂತು ಸಿಂಹಾಸನವನ್ನು ನೋಡಿ ಮುಂದೆ ಹೋದವು. ಮಾವ ಗಿರಿಜಕ್ಕನಿಂದ ಒಂದು ಮಾರು ದೂರದಲ್ಲಿ ಕೂತಿದ್ದರು. ಹೊತ್ತು ಹೋಗುತ್ತಿತ್ತು, ನಾಲ್ಕರೊಳಗೆ ಹೋಗಿ ಪರದೆ ಕಟ್ಟಬೇಕಿತ್ತು, ಫೋನಿಗೆ ಸಿಗ್ನಲ್ಲಿರಲಿಲ್ಲ. ಆದರೂ ಆ ಅರ್ಧ ಗಂಟೆ ಮುಗಿಯದೇ ಇರಲಿ ಎನ್ನಿಸಿದ್ದು ನಿಜ. ನನಗೊಬ್ಬನಿಗೇ ಹಾಗನ್ನಿಸಿತೆಂದು ಆಗ ತಿಳಿದಿದ್ದೆ.

ದೂರದಲ್ಲಿ ಮಾಗಿ ಉಳುಮೆ ಮಾಡುತ್ತಿದ್ದ ಟ್ರ್ಯಾಕ್ಟರೊಂದು ಕೆಂಧೂಳಿನೊಳಗಿಂದ ತೇಲಿ ಬಂದಂತೆ ನಮ್ಮತ್ತ ಬಂತು. ಅದರ ಮೇಲೆ ಕೂತಿದ್ದವನು ಒಂದು ಕೈ ಎತ್ತಿ ಯಾರನ್ನೋ ಗದರಿಸುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಅಲ್ಲಿ ಬೇರೆ ಯಾರೂ ಇಲ್ಲ.

"ನಮ್ಮೂರ ನಾಟಕದ ಗಾಡಿ ಅಲ್ಲೇನ್ರಿ ಇದು?" ಎಂದು ಇಳಿದ. "ದರ್ಬಾರ್ ಕಂಡ ಕೂಡ್ಲೇ ಗೊತ್ತಾತು. ನಾನು ತಿಪ್ಪೇಸ್ವಾಮಿ. ಗೌಡನ ಪಾರ್ಟು ನಂದೇ. ಮಾತು ನೆನಪಿಗೆ ನಿಲ್ಲಾಕೆ ಒಲ್ಲವು, ಅದಕ್ಕೇ ಉಳ್ತಾ ಉಳ್ತಾ ಹೇಳ್ಕಂತಿದ್ದೆ."

ಡೀಸೆಲ್ ಮುಗಿದಿದೆ ಎಂದಾಗ ಅವನು ತನ್ನ ಟ್ರ್ಯಾಕ್ಟರಿನ ಟ್ಯಾಂಕಿನ ಮುಚ್ಚಳವನ್ನೇ ತೆಗೆದುಬಿಟ್ಟ. "ಎಷ್ಟು ಬೇಕೋ ತಗೊಳ್ರಿ. ಆದ್ರೆ ಪೈಪು ಹಾಕಿ ಎಳೀಬೇಕು ನೋಡ್ರಿ, ನಲ್ಲಿ ಇಲ್ಲ ಇದಕ್ಕೆ."

ಮಾವನ ಗಾಡಿಯಲ್ಲಿ ಒಂದು ಮಾರುದ್ದದ ಪಾರದರ್ಶಕ ಪೈಪು ಇತ್ತು. ಒಂದು ತುದಿಯನ್ನು ಮೇಲಿನ ಟ್ಯಾಂಕಿಗೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆದು, ಡೀಸೆಲ್ ಬಾಯಿಗೆ ಬರುವ ಮೊದಲೇ ಕೆಳಗಿನ ಕ್ಯಾನಿಗೆ ಬಿಡಬೇಕು. ಒಮ್ಮೆ ಇಳಿಯತೊಡಗಿದರೆ ಆಮೇಲೆ ಅದು ತಾನೇ ಹರಿಯುತ್ತದೆ. ಮಾವ ಪೈಪಿಗೆ ಕೈ ಹಾಕಿದರು. ನಾನು ಕಿತ್ತುಕೊಂಡೆ.

"ಬ್ಯಾಡ" ಎಂದರು ಮಾವ. ಆ ಪದ ಮಾತ್ರ ತೊದಲಲಿಲ್ಲ.

"ಗಂಟ್ಲು ಜ್ವಾಕೆ ಮಂಜು, ಇವತ್ತು ನಿನ್ ಧ್ವನಿ ಬೇಕು" ಎಂದರು ಗಿರಿಜಕ್ಕ.

ಆ ಮಾತೇ ನನ್ನನ್ನು ಕೆಡಿಸಿತು. ರಾಣಿ ಪಾರ್ಟಿನ ಕಲಾವಿದೆ ನನ್ನ ಧ್ವನಿಯನ್ನು ಹೊಗಳಿದರೆಂದು ಉಬ್ಬಿಹೋಗಿ, ಅವರು ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಲ್ಲಿ ನೋಡುತ್ತ ಎಳೆದೆ. ಪೈಪಿನಲ್ಲಿ ಏನು ಬರುತ್ತಿದೆ ಎಂದು ನೋಡಬೇಕಾದ ಕಣ್ಣು ಬೇರೆಲ್ಲೋ ಇತ್ತು. ಮೊದಲು ಏನೂ ಇಲ್ಲ, ಆಮೇಲೆ ಒಂದು ತಣ್ಣನೆಯ ಮುಷ್ಟಿ ಗಂಟಲಿಗೆ ಬಂದು ಗುದ್ದಿದಂತಾಯಿತು. ಪೈಪು ಕೈಬಿಟ್ಟು ಕೆಮ್ಮುತ್ತ ಅರಮನೆಯ ಅಡಿಯಲ್ಲಿ ಉರುಳಿದೆ. ಮೂಗಿನಲ್ಲಿ ಡೀಸೆಲ್, ಕಣ್ಣಲ್ಲಿ ನೀರು, ಮೇಲೆ ತೂಗಾಡುವ ಸಿಂಹಾಸನ. ಮಾವ ನನ್ನನ್ನು ಎತ್ತಿ ಕೂರಿಸಿ ಬೆನ್ನು ಸವರುತ್ತ ಏನೋ ಹೇಳಲು ಹೆಣಗುತ್ತಿದ್ದರು. ನನಗೆ ಉಸಿರು ಬಂದರೂ ಅವರಿಗೆ ಪದ ಬರಲಿಲ್ಲ.

ಗಿರಿಜಕ್ಕ ನನಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಟ್ರ್ಯಾಕ್ಟರಿನ ಮೆಟ್ಟಿಲು ಹತ್ತಿದರು. ಪೈಪನ್ನು ಸುರುಳಿ ಮಾಡಿ, ಪೂರ್ತಿ ಟ್ಯಾಂಕಿನೊಳಗೆ ಮುಳುಗಿಸಿ, ಅದರಲ್ಲಿ ಡೀಸೆಲ್ ತುಂಬಿಕೊಂಡ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಹೊರಗೆಳೆದು, ಕೆಳಗಿನ ಕ್ಯಾನಿಗೆ ಹಿಡಿದು ಬೆರಳು ತೆಗೆದರು. ಡೀಸೆಲ್ ಸುಮ್ಮನೆ, ಹೇಳಿದ ಮಾತು ಕೇಳುವ ಮಗುವಿನಂತೆ, ಕ್ಯಾನಿಗೆ ಇಳಿಯತೊಡಗಿತು.

"ನಮ್ಮಪ್ಪ ಲಾರಿ ಡ್ರೈವರು. ಬಾಯಿ ಯಾಕೆ ಬೇಕು ಇದಕ್ಕೆ?" ಎಂದರು.

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಲು ಬಾಯಿ ತೆರೆದೆ. ಹರಕು ತಿದಿಯ ಸದ್ದು ಬಂತು, ಮಾತು ಬರಲಿಲ್ಲ.

ಐದು ಲೀಟರ್ ಹಾಕಿದ ಮೇಲೂ ಗಾಡಿ ಹೊರಡಲಿಲ್ಲ. ಡೀಸೆಲ್ ಇಂಜಿನ್ನಿನ ಸ್ವಭಾವ ಅದು. ಒಮ್ಮೆ ಪೂರ್ತಿ ಖಾಲಿಯಾದರೆ ಕೊಳವೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆ ಗಾಳಿಯನ್ನು ಹೊರಗೆ ಹಾಕದೆ ಡೀಸೆಲ್ ಮುಂದಕ್ಕೆ ಹೋಗುವುದಿಲ್ಲ. ಮಾವ ಫಿಲ್ಟರಿನ ಹತ್ತಿರದ ಸಣ್ಣ ಸ್ಕ್ರೂ ಸಡಿಲ ಮಾಡಿ ಕೈಪಂಪು ಒತ್ತತೊಡಗಿದರು. ಗುಳುಗುಳು ಎಂದು ನೊರೆ ಬಂತು. ಮತ್ತೆ ಒತ್ತಿದರು, ಮತ್ತೆ ನೊರೆ. ಗಿರಿಜಕ್ಕ ಪಕ್ಕದಲ್ಲಿ ನಿಂತು ಗುಳ್ಳೆಗಳನ್ನು ನೋಡುತ್ತ, "ಇನ್ನೂ ಐತೆ... ಇನ್ನೂ ಐತೆ... ಹಾಂ, ಈಗ ಬರೀ ಡೀಸೆಲ್ಲು" ಎಂದಾಗ ಮಾವ ಸ್ಕ್ರೂ ಬಿಗಿದರು. ಮೂರನೆಯ ಸಲಕ್ಕೆ ಇಂಜಿನ್ ಕೆಮ್ಮಿ, ಹೊಗೆ ಉಗುಳಿ, ಎದ್ದಿತು. ಇನ್ನು ಊರು ಮುಟ್ಟುವ ತನಕ ಬಂದ್ ಮಾಡುವುದಿಲ್ಲವೆಂದು ಮಾವ ಕೈಸನ್ನೆಯಲ್ಲೇ ಹೇಳಿದರು. ನಾವು ಅರಮನೆಯನ್ನು ಅವಸರದಲ್ಲಿ ಸುತ್ತಿಕೊಂಡೆವು.

ಊರಿನ ಆರೋಗ್ಯ ಕೇಂದ್ರದಲ್ಲಿದ್ದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎದೆ, ಉಸಿರು ಎಲ್ಲ ನೋಡಿದರು. "ಶ್ವಾಸಕೋಶಕ್ಕೆ ಹೋಗಿದ್ರೆ ಏನ್ ಮಾಡ್ತಿದ್ದೆ ನೀನು? ಓದಿದೋನು ಅಲ್ವಾ?" ಎಂದು ಚೆನ್ನಾಗಿ ಬೈದು, ಉಸಿರಾಟ ಕಷ್ಟವಾದರೆ ತಕ್ಷಣ ಬರಬೇಕೆಂದೂ ಎರಡು ದಿನ ಮಾತಾಡಬಾರದೆಂದೂ ಹೇಳಿದರು. ಎರಡನೆಯದಕ್ಕೆ ಅವರು ಹೇಳಬೇಕಾಗಿಯೇ ಇರಲಿಲ್ಲ. ನನ್ನಲ್ಲಿ ಆಡಲು ಧ್ವನಿ ಉಳಿದಿರಲಿಲ್ಲ.

ಬಣ್ಣ ಹಚ್ಚಿಕೊಂಡ ತಿಪ್ಪೇಸ್ವಾಮಿಗೆ ಇದು ತಿಳಿದಾಗ ಗೌಡನ ಮೀಸೆ ಇಳಿಬಿತ್ತು. "ಪ್ರಾಂಪ್ಟರ್ ಇಲ್ದೆ ಹೆಂಗ್ರಿ ನಾಟಕ? ನಾನಂತೂ ಮೊದಲ್ನೇ ಸೀನಿಗೇ ಸತ್ತೆ. ಊರಿಗೆಲ್ಲ ಹೇಳಿಕಂಡು ಬಂದೀನಿ."

ಪುಸ್ತಕ ಓದಬಲ್ಲವರೆಲ್ಲ ಬಣ್ಣ ಹಚ್ಚಿಕೊಂಡು ಕೂತಿದ್ದರು. ಆಗ ಗಿರಿಜಕ್ಕ, ಅರ್ಧ ಬಳೆ ತೊಟ್ಟ ಕೈಯನ್ನು ಹಾಗೇ ಹಿಡಿದು, ಪರದೆ ಕಟ್ಟುತ್ತಿದ್ದ ಮಾವನ ಹತ್ತಿರ ಹೋದರು.

"ಹಾಲೇಶಪ್ಪಾರೆ, ನೀವು ಹೇಳಿಕೊಡ್ರಿ."

ಮಾವ ಹಗ್ಗ ಬಿಟ್ಟು ಹಿಂದಕ್ಕೆ ಸರಿದರು. ತಲೆ ಅಲ್ಲಾಡಿಸಿದರು. ಬಾಯಿ ತೋರಿಸಿ ಕೈ ಆಡಿಸಿದರು. ನಾನು ಅಷ್ಟು ಹೆದರಿದ ಮಾವನನ್ನು ಎಂದೂ ನೋಡಿರಲಿಲ್ಲ.

"ನಿಮಗೆ ಪುಸ್ತಕಾನೂ ಬ್ಯಾಡ. ಎಷ್ಟು ವರ್ಷದಿಂದ ನೋಡ್ತಿದೀನಿ ನಾನು. ಸೈಡಿನಾಗೆ ನಿಂತ್ಕಂಡು ಎಲ್ಲಾ ಪಾರ್ಟಿನ ಮಾತೂ ತುಟಿಯಾಗೇ ಆಡ್ತಿರ್ತೀರಿ. ನಾನು ಮರೆತಾಗ ನಿಮ್ ತುಟಿ ನೋಡೇ ಎಷ್ಟೋ ಸಲ ಮುಂದಿಂದು ಹೇಳೀನಿ. ಪ್ರಾಂಪ್ಟರ್‌ನ ಮಾತು ಕೇಳಿಲ್ಲ."

ಅವರು ಇಷ್ಟು ಹೇಳಿ ಹೊರಟುಹೋದರು. ಮಾವ ನನ್ನತ್ತ ನೋಡಿದರು. ನಾನು ಪುಸ್ತಕ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ, ಆದರೆ ನನ್ನ ಸ್ಟೂಲಿನ ಮೇಲೆ ಕೂತರು.

ಗೌಡ ರಂಗಕ್ಕೆ ಬಂದ, ಮೀಸೆ ತಿರುವಿದ, ಎರಡು ಮಾತಾಡಿ ನಿಂತ. ಜನ ಕಾದರು. ಅಭ್ಯಾಸಬಲದಿಂದ ನಾನು ಪುಸ್ತಕದ ಆ ಸಾಲಿಗೆ ಬೆರಳಿಟ್ಟೆ. ಆಗ ನನ್ನ ಪಕ್ಕದಿಂದ ಒಂದು ಪಿಸುಮಾತು ಹೊರಟಿತು. ತಗ್ಗಿದ, ದುಂಡಗಿನ, ಎಲ್ಲೂ ತಡೆಯದ ಪಿಸುಮಾತು. ಒಂದು ಸಾಲು, ಅದರ ಹಿಂದೆ ಇನ್ನೊಂದು. ಬೆಚ್ಚಗಾದ ಇಂಜಿನ್ನಿನಿಂದ ಆಯಿಲ್ ಇಳಿದ ಹಾಗೆ ಒಂದೇ ಎಳೆಯಾಗಿ. ನಾನು ಹಿಂದೆ ಮುಂದೆ ನೋಡಿದೆ, ಬೇರೆ ಯಾರಾದರೂ ಹೇಳುತ್ತಿದ್ದಾರೇನೋ ಎಂದು. ಮಾವ ಕಣ್ಣು ಮುಚ್ಚಿದ್ದರು. ಗದ್ದ ಎತ್ತಿರಲಿಲ್ಲ. ಪಿಸುಮಾತಿನಲ್ಲಿ ತೊದಲು ಬಾರದವರು ಬಹಳ ಜನ ಇದ್ದಾರಂತೆ, ಆಮೇಲೆ ಯಾರೋ ತಿಳಿದವರು ಹೇಳಿದರು. ಅವತ್ತು ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ. ಬಹುಶಃ ಅಲ್ಲಿಯವರೆಗೆ ಮಾವನ ಪಿಸುಮಾತಿಗೆ ಯಾರೂ ಹತ್ತಿರ ಹೋಗಿ ಕಿವಿ ಕೊಟ್ಟಿರಲಿಲ್ಲ.

ನಾಟಕ ಚೆನ್ನಾಗಿಯೇ ಆಯಿತು. ಗೌಡನಿಗೆ ಶಿಳ್ಳೆ ಬಿದ್ದವು. ಗಿರಿಜಕ್ಕನಿಗೆ ಮಾತು ಬಾಯಿಪಾಠವಿತ್ತು, ಆದರೂ ಅವತ್ತು ಅವರು ನಾಲ್ಕೈದು ಕಡೆ ಮರೆತವರಂತೆ ನಿಂತು ಪಕ್ಕದ ಪರದೆಯತ್ತ ತಿರುಗಿದರು. ಅಷ್ಟೊಂದು ಸಲ ಅವರು ಮರೆತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಂಕಿಗೆ ಕಡ್ಡಿ ಇಳಿಸಿ, ಜಗಳೂರಿನ ಬಂಕಿನಲ್ಲಿ ತುಂಬ ತುಂಬಿಸಿಕೊಂಡು ಹೊರಟೆವು. ನಾನು ಮತ್ತೆ ಕಾಡಿನ ಮೇಲೆ ಮಲಗಿದೆ. ಗಂಟಲು ಉರಿಯುತ್ತಿತ್ತು, ತೇಗಿದರೆ ಬಂಕಿನ ವಾಸನೆ. ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಗಾಜಿರಲಿಲ್ಲ. ಒಳಗೆ ಮಾವ ಏನೋ ಹೇಳುತ್ತಿರುವುದೂ ಗಿರಿಜಕ್ಕ "ಹಾಂ?" ಎನ್ನುವುದೂ ಕಾಣುತ್ತಿತ್ತು. ಪಿಸುಮಾತು ಡೀಸೆಲ್ ಇಂಜಿನ್ನಿನ ಮುಂದೆ ಯಾರಿಗೆ ಕೇಳಿಸೀತು? ಮಾವ ಮತ್ತೆ ಹೇಳುತ್ತಿದ್ದರು, ಅವರು ಮತ್ತೆ "ಹಾಂ?" ಎನ್ನುತ್ತಿದ್ದರು. ದಾವಣಗೆರೆ ಹೋಯಿತು. ಎಳೆಬಿಸಿಲು, ಗದ್ದೆಗಳ ಮೇಲೆ ತೆಳ್ಳಗಿನ ಹಬೆ, ಬಿಳಿ ಕೊಕ್ಕರೆಗಳು. ಹೊನ್ನಾಳಿ ಇನ್ನೇನು ಬಂತು ಎನ್ನುವಲ್ಲಿ ಮಾವ ಗಾಡಿಯನ್ನು ಪಕ್ಕಕ್ಕೆ ಹಾಕಿ ಇಂಜಿನ್ ಬಂದ್ ಮಾಡಿದರು. ಹಿಂದಿನ ದಿನ ಅದನ್ನು ಎಬ್ಬಿಸಲು ಪಟ್ಟ ಪಾಡು ಗೊತ್ತಿದ್ದ ನಾನು ಧಡಕ್ಕನೆ ಎದ್ದು ಕೂತೆ.

ಸದ್ದೆಲ್ಲ ಅಡಗಿತು. ಮಾವನ ಪಿಸುಮಾತು ನನಗೆ ಕೇಳಿಸಲಿಲ್ಲ. ಗಿರಿಜಕ್ಕನ ಉತ್ತರ ಕೇಳಿಸಿತು.

"ಕೇಳಿಸ್ತು. ಆದ್ರೆ ನಾಟಕದ ಮಾತಿನಂಗೆ ಬ್ಯಾಡ. ನಿಮ್ ಮಾತಿನಾಗೇ ಕೇಳ್ರಿ."

ಮಾವ ಸ್ಟೀರಿಂಗ್ ಬಿಟ್ಟು ಗಿರಿಜಕ್ಕನ ಕಡೆ ತಿರುಗಿದರು. ಆಮೇಲೆ ಮಾವನ ನಿಜವಾದ ಧ್ವನಿ. "ಸ... ಸವಳಂಗಕ್ಕೆ ಬಿಡ್ಲಾ? ಇಲ್ಲಾ ಹೊ... ಹೊ... ಹೊ..."

ಆ ಪದ ನನಗೆ ಗೊತ್ತಿತ್ತು. ಗಿರಿಜಕ್ಕನಿಗೂ ಗೊತ್ತಿತ್ತು. ರಸ್ತೆಯಲ್ಲಿ ಒಂದು ಬಸ್ಸು ಬಂದು, ನಮ್ಮನ್ನು ದಾಟಿ, ತಿರುವಿನಲ್ಲಿ ಮರೆಯಾಯಿತು. ಅವರು ಬಾಯಿ ತೆರೆಯಲಿಲ್ಲ. ಕಿಟಕಿಯಾಚೆಗೂ ನೋಡಲಿಲ್ಲ. ಮಾವನ ಮುಖವನ್ನೇ ನೋಡುತ್ತ ಕೂತಿದ್ದರು.

"ಹೊನ್ನಾಳ್ಯಾಗೇ ಇಳೀತೀರಾ?" ಎಂದು ಮುಗಿಯಿತು ಕೊನೆಗೆ.

"ಇಳೀತೀನಿ" ಎಂದರು ಗಿರಿಜಕ್ಕ. "ಮೊದ್ಲು ಗಾಡಿ ಸ್ಟಾರ್ಟ್ ಆಗ್ತೈತೇನೋ ನೋಡ್ರಿ."

ಅವತ್ತು ಅವರು ಹೊನ್ನಾಳಿಯಲ್ಲಿ ಇಳಿದು, ಉಪ್ಪಿಟ್ಟು ಮಾಡಿ, ನಮ್ಮಿಬ್ಬರಿಗೂ ಬಡಿಸಿ, ತಾವೂ ತಿಂದು, ಸಂಜೆಯ ಬಸ್ಸಿಗೆ ಸವಳಂಗಕ್ಕೆ ಹೋದರು. ಆಮೇಲೆ ಎರಡು ಮನೆಗಳ ನಡುವೆ ನಡೆದ ಮಾತುಗಳು, ಈ ವಯಸ್ಸಿನಲ್ಲಿ ಇದೇನು ಎಂದವರು, ಅವ್ವ ಅವರೆಲ್ಲರ ಬಾಯಿ ಮುಚ್ಚಿಸಿದ್ದು, ಅದೆಲ್ಲ ಇಲ್ಲಿ ಬೇಡ. ಮಳೆಗಾಲಕ್ಕೆ ಮೊದಲು ಒಂದು ಬೆಳಿಗ್ಗೆ ನೋಂದಣಿ ಕಚೇರಿಯಲ್ಲಿ ಮಾವ, ಗಿರಿಜಕ್ಕನ ಜೊತೆ ಸಾಕ್ಷಿಗೆ ಬೇಕಾದಷ್ಟೇ ಜನ ಸೇರಿದ್ದೆವು. ನಾನೂ ಒಬ್ಬ ಸಾಕ್ಷಿ. ನನ್ನ ಗಂಟಲು ಅಷ್ಟರಲ್ಲಿ ಪೂರ್ತಿ ವಾಸಿಯಾಗಿತ್ತು.

ಮೇಜಿನ ಆಚೆ ಕೂತಿದ್ದವರು ಕಾಗದದಿಂದ ತಲೆಯೆತ್ತಿ, "ವರನ ಹೆಸರು ಹೇಳ್ರಿ" ಎಂದರು.

ಮಾವ ಗದ್ದ ಎತ್ತಿದರು, ಕಣ್ಣು ಮುಚ್ಚಿದರು. "ಹಾ... ಹಾ..."

ನಮ್ಮ ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸಿದರು. ಮೇಜಿನವರ ಪೆನ್ನು ಕಾಗದದ ಮೇಲೆ ನಿಂತಿತ್ತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಅಷ್ಟರಲ್ಲಿ ಗಿರಿಜಕ್ಕ, ಇನ್ನು ಐದು ನಿಮಿಷದಲ್ಲಿ ನನ್ನ ಅತ್ತೆಯಾಗಲಿದ್ದವರು, ನನ್ನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ನಾನು ಬಾಯಿ ಮುಚ್ಚಿಕೊಂಡೆ. ಫ್ಯಾನು ತಿರುಗುತ್ತಿತ್ತು. ಎಲ್ಲರೂ ಕಾದೆವು.